ಚುಕ್ಕಿ ಉದುರಿದ ಷಡ್ಜ

ಸಂಗೀತದ ಪುಸ್ತಕವನ್ನು ವಿಮರ್ಶೆ ಮಾಡುವವರು ಸಾಮಾನ್ಯವಾಗಿ ಸಾಹಿತ್ಯ ನೋಡುತ್ತಾರೆ, ರಾಗಗಳ ಆಯ್ಕೆ ನೋಡುತ್ತಾರೆ, ಮುನ್ನುಡಿ ಬರೆದವರು ಯಾರೆಂದಂತೂ ತಪ್ಪದೆ ನೋಡುತ್ತಾರೆ. ಸ್ವರದ ಮೇಲಿನ ಚುಕ್ಕಿ, ಎರಡು ಸ್ವರಗಳ ನಡುವಿನ ಅಲ್ಪವಿರಾಮ, ತಾಳದ ಗೀಟು ಇವನ್ನು ನೋಡುವವರು ಅಪರೂಪ. ಅವೆಲ್ಲ ಅಚ್ಚಿನ ಮನೆಯವರ ಕೆಲಸವೆಂದು ಬಿಟ್ಟುಬಿಡುತ್ತಾರೆ. ಆದರೆ ಪುಸ್ತಕವನ್ನೇ ಗುರುವೆಂದು ನಂಬಿ ಕೂತವರಿಗೆ ಮುನ್ನುಡಿಯಿಂದ ಏನೂ ಆಗಬೇಕಾಗಿಲ್ಲ. ಅವರಿಗೆ ಬೇಕಾದದ್ದು ಆ ಚುಕ್ಕಿಯೇ.

ನಂಬಿ ಕೂತವರು ಯಾರು ಎಂದು ಕೇಳಬಹುದು. ನಮ್ಮಂಥ ಊರುಗಳಲ್ಲಿ ಬಹಳ ಜನ ಇದ್ದಾರೆ, ಹೆಚ್ಚಿನವರು ಹೆಂಗಸರೇ. ಹುಡುಗಿಯಾಗಿದ್ದಾಗ ಸರಳೆ, ಜಂಟಿ, ಅಲಂಕಾರ ಮುಗಿಸಿ ಎರಡು ಗೀತೆ ಕಲಿತಿರುತ್ತಾಳೆ, ಹೆಚ್ಚೆಂದರೆ ಜೂನಿಯರ್ ಪರೀಕ್ಷೆಗೆ ಕಟ್ಟಿರುತ್ತಾಳೆ. ಅಷ್ಟರಲ್ಲಿ ಮದುವೆ. ಹಾಡಿನ ಪುಸ್ತಕ ಸೀರೆಗಳ ಕೆಳಗೆ ಸೇರುತ್ತದೆ. ಮಕ್ಕಳು ಕಾಲೇಜಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಅದನ್ನು ಹೊರಗೆ ತೆಗೆಯುತ್ತಾಳೆ. ಕೊಳ್ಳೇಗಾಲದಲ್ಲಾದರೂ ಹುಡುಕಿದರೆ ಪಾಠ ಹೇಳುವವರು ಸಿಕ್ಕಾರು, ಹನೂರಿನಲ್ಲಿ, ಯಳಂದೂರಿನಲ್ಲಿ ಎಲ್ಲಿಗೆ ಹೋಗುವುದು? ಅವಳ ಪಾಲಿಗೆ ಆ ಪುಟವೇ ಗುರು. ಅಲ್ಲಿ ಷಡ್ಜದ ತಲೆಯ ಮೇಲೊಂದು ಚುಕ್ಕಿ ಇದ್ದರೆ ಮೇಲಿನ ಸ್ಥಾಯಿ, ಕಾಲಡಿಯಲ್ಲಿದ್ದರೆ ಕೆಳಗಿನ ಸ್ಥಾಯಿ, ಏನೂ ಇಲ್ಲದಿದ್ದರೆ ಮಧ್ಯ. ಚುಕ್ಕಿ ತಪ್ಪಿದರೆ ದಾರಿಯೇ ತಪ್ಪಿತು.

ಕೆಲವು ವರ್ಷಗಳ ಹಿಂದೆ ಪ್ರತಿಭಾ ಕಾರಂಜಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಸಮೂಹಗಾನಕ್ಕೆಂದು ಒಂದು ಹಾಡಿನ ಸ್ವರ, ಸಾಹಿತ್ಯ ಎರಡನ್ನೂ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಸಿದ ಹಾಳೆಯೊಂದು ಹಲವು ಶಾಲೆಗಳಿಗೆ ತಲುಪಿತ್ತು. ಮೋಹನ ರಾಗ. ಗ ಪ ದ ಎಂದು ಏರಿ ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುವ ಸಾಲು ಅದರಲ್ಲಿತ್ತು. ಸಂಗೀತ ಬಲ್ಲ ಟೀಚರುಗಳಿದ್ದ ಶಾಲೆಯ ಮಕ್ಕಳೆಲ್ಲ ಮೇಲಕ್ಕೆ ಹೋದರು. ಹನೂರಿನ ಆಚೆಯ ಒಂದು ಶಾಲೆಯ ಆರು ಹೆಣ್ಣುಮಕ್ಕಳು ಮಾತ್ರ ದೈವತದಿಂದ ದಡಕ್ಕನೆ ಕೆಳಗಿನ ಷಡ್ಜಕ್ಕೆ ಇಳಿದರು. ಆರೂ ಜನ ಒಟ್ಟಿಗೆ, ಒಂದಿಷ್ಟೂ ಅಳುಕದೆ ಇಳಿದರು. ಸಭೆಯಲ್ಲಿ ಕಿಸಕ್ಕನೆ ನಗು. ತೀರ್ಪುಗಾರರು ಅಂಕ ಕಳೆದರು. ಆಮೇಲೆ ಆ ಹಾಳೆ ತೆಗೆಸಿ ನೋಡಿದೆ. ಇಡೀ ಹಾಳೆಯಲ್ಲಿ ಒಂದೇ ಒಂದು ಚುಕ್ಕಿ ಇರಲಿಲ್ಲ. ಅವರಿಗೆ ಪಾಠ ಹೇಳಿದ್ದು ಗಣಿತದ ಟೀಚರು. ಮನೆಯಲ್ಲಿದ್ದ ಮಕ್ಕಳಾಟದ ಕೀಬೋರ್ಡಿನಲ್ಲಿ ಒಂದೊಂದೇ ಸ್ವರ ಒತ್ತಿ ತಾವು ಕಲಿತು ಮಕ್ಕಳಿಗೂ ಕಲಿಸಿದ್ದರು. ಓದಿದ್ದನ್ನು ಓದಿದ ಹಾಗೆ ಹಾಡಿದವರು ಆ ದಿನ ಅವರೊಬ್ಬರೇ. ಉಳಿದವರೆಲ್ಲ ಹಾಳೆಯನ್ನು ನಂಬದೆ ತಮ್ಮ ಕಿವಿಯನ್ನು ನಂಬಿದ್ದರು. ಗೆದ್ದರು, ಸರಿ. ಹಾಗಾದರೆ ಹಾಳೆ ಹಂಚಿದ್ದು ಯಾತಕ್ಕೆ?

ಚುಕ್ಕಿ ಹೋದದ್ದು ಹೇಗೆಂಬುದು ಬ್ರಹ್ಮವಿದ್ಯೆಯೇನಲ್ಲ. ಹಳೆಯ ಅಕ್ಷರವಿನ್ಯಾಸದಲ್ಲಿ ಹೊಡೆದ ಕಡತವನ್ನು ಯೂನಿಕೋಡಿಗೆ ಬದಲಾಯಿಸುವಾಗ ಅಕ್ಷರಗಳು ಬರುತ್ತವೆ, ಕೈಯಿಂದ ಸೇರಿಸಿದ ಗುರುತುಗಳು ಹಿಂದೆ ಉಳಿಯುತ್ತವೆ. ಯೂನಿಕೋಡಿನಲ್ಲಿ ಅಕ್ಷರದ ಮೇಲೂ ಕೆಳಗೂ ಕೂರಿಸುವ ಚುಕ್ಕಿಗಳು ಇದ್ದೇ ಇವೆ. ಆದರೆ ಅವು ಮೊದಲು ರೋಮನ್ ಅಕ್ಷರಗಳಿಗೆಂದು ಹುಟ್ಟಿದವು. ನಮ್ಮ ‘ರಿ’, ‘ನಿ’ಗಳ ನೆತ್ತಿಯ ಮೇಲೆ ಮೊದಲೇ ಗುಡಿಸು ಕೂತಿರುತ್ತದೆ. ಅದರ ಮೇಲೆ ಚುಕ್ಕಿ ಇಟ್ಟರೆ ಕೆಲವು ಫಾಂಟುಗಳಲ್ಲಿ ಎರಡೂ ಅಂಟಿಕೊಳ್ಳುತ್ತವೆ, ಕೆಲವುಗಳಲ್ಲಿ ಚುಕ್ಕಿ ಪಕ್ಕದ ಅಕ್ಷರದ ಮನೆಗೆ ಹೋಗುತ್ತದೆ. ಕೊಳ್ಳೇಗಾಲದ ಡಿ.ಟಿ.ಪಿ. ಅಂಗಡಿಯ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ತಲೆ ಎತ್ತದೆ, “ಚುಕ್ಕಿ ಬರಲ್ಲ ಮೇಡಂ, ಪ್ರಿಂಟ್ ಆದ್ಮೇಲೆ ಪೆನ್ನಲ್ಲಿ ಇಟ್ಕೊಂಬಿಡಿ” ಎಂದ. ಸಾಫ್ಟ್‌ವೇರಿನ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಅಲ್ಪವಿರಾಮದ ಪಾಡು ಇನ್ನೂ ಕಷ್ಟ. ನಮ್ಮ ಸ್ವರಲಿಪಿಯಲ್ಲಿ ಅಲ್ಪವಿರಾಮವೆಂದರೆ ಒಂದು ಅಕ್ಷರಕಾಲ, ಅರ್ಧವಿರಾಮವೆಂದರೆ ಎರಡು. ಸ್ವರವನ್ನು ಅಷ್ಟು ಹೊತ್ತು ಎಳೆಯಬೇಕು. ಕರಡು ತಿದ್ದುವವರಿಗೆ ಇದು ತಿಳಿದಿರುವುದಿಲ್ಲ. ವ್ಯಾಕರಣದ ಕಣ್ಣಿಗೆ ಸಾಲಾಗಿ ಮೂರು ಅಲ್ಪವಿರಾಮ ಕಂಡರೆ ಎರಡನ್ನು ಹೊಡೆದು ಹಾಕುತ್ತಾರೆ. ತಾಳ ಅಲ್ಲಿಗೆ ಎರಡು ಅಕ್ಷರ ಕುಂಟುತ್ತದೆ. ನಮ್ಮ ಲಿಪಿಗೆ ಒಂದು ಹುಟ್ಟುಭಾಗ್ಯವಿದೆ, ಅದನ್ನೂ ಇಲ್ಲಿ ಹೇಳಬೇಕು. ‘ಸ’ ಒಂದು ಅಕ್ಷರ, ‘ಸಾ’ ಎರಡು. ದೀರ್ಘವೇ ಕಾಲವನ್ನು ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಸ್ವರ ಬರೆಯುವವರು ಇದಕ್ಕಾಗಿ ದೊಡ್ಡಕ್ಷರ, ಚಿಕ್ಕಕ್ಷರ ಎಂದು ಒದ್ದಾಡುತ್ತಾರೆ. ಇಷ್ಟು ಸೊಗಸಾದ ಸೌಕರ್ಯವಿರುವ ಲಿಪಿಯಲ್ಲಿ ಎರಡನೆಯ ಕಾಲದ ಮೇಲ್ಗೀಟನ್ನು ಅಡಿಗೀಟು ಮಾಡಿ, ಚುಕ್ಕಿ ಕಳೆದು, ವಿರಾಮ ತಿಂದು ಅಚ್ಚು ಹಾಕುತ್ತೇವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಒಂದು ಕಾಲಕ್ಕೆ ಗುರುತುಗಳ ವಿಷಯದಲ್ಲಿ ಇಷ್ಟು ಉದಾಸೀನ ಇರಲಿಲ್ಲ. 1893ರಲ್ಲಿ ಮದ್ರಾಸಿನ ಎ.ಎಂ. ಚಿನ್ನಸ್ವಾಮಿ ಮೊದಲಿಯಾರ್ ನಮ್ಮ ಕೀರ್ತನೆಗಳನ್ನು ಪಾಶ್ಚಾತ್ಯರ ಐದು ಗೆರೆಯ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಸುಬ್ಬರಾಮ ದೀಕ್ಷಿತರಿಗೆ ತಮ್ಮ ಮನೆತನದ ವಿದ್ಯೆಯನ್ನು ಬರೆದಿಡಿ ಎಂದು ಒತ್ತಾಯ ಮಾಡಿದವರೂ ಅವರೇ. ಅದರ ಫಲವಾಗಿ 1904ರಲ್ಲಿ ಎಟ್ಟಯಾಪುರದಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ತೆಲುಗು ಲಿಪಿಯಲ್ಲಿ ಹೊರಬಂತು. ಅದರಲ್ಲಿ ಕಂಪಿತಕ್ಕೊಂದು ಗುರುತು, ಸ್ಫುರಿತಕ್ಕೊಂದು, ನೊಕ್ಕಿಗೆ, ರವೆಗೆ, ಏರುಜಾರಿಗೆ, ಇಳಿಜಾರಿಗೆ ಬೇರೆ ಬೇರೆ ಗುರುತುಗಳಿವೆ. ಅಚ್ಚುಮೊಳೆಗಳನ್ನು ಕೈಯಲ್ಲಿ ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ಪುಟ ಹೀಗೆ ಗುರುತು ಹಾಕಿಸಿದ ಮುದುಕರ ಹಟ ನೆನೆದರೆ ಕೈಮುಗಿಯಬೇಕು ಅನ್ನಿಸುತ್ತದೆ. ಎರಡು ವರ್ಷದಲ್ಲಿ, 1906ರಲ್ಲಿ, ಅವರು ತೀರಿಕೊಂಡರು. ಆಮೇಲೆ ಬಂದ ಪಾಠಪುಸ್ತಕಗಳಲ್ಲಿ ಬಹುಪಾಲು ಈ ಗುರುತುಗಳನ್ನು ಕೈಬಿಟ್ಟವು. ಗಮಕವನ್ನು ಗುರು ಬಾಯಲ್ಲಿ ಹೇಳಿಕೊಡುತ್ತಾರೆ, ಪುಸ್ತಕಕ್ಕೆ ಆ ಗೋಜು ಬೇಡ ಎಂಬುದು ವಾದ. ಪಕ್ಕದಲ್ಲಿ ಗುರು ಇದ್ದವರಿಗೆ ಈ ವಾದ ಒಪ್ಪಿಗೆಯಾಗುತ್ತದೆ. ಗುರು ಇದ್ದವರಿಗೆ ಪುಸ್ತಕವೇ ಬೇಡ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈಗ ಕಂಪ್ಯೂಟರಿನ ಮಾತು. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ರಜೆಗೆ ಬಂದಾಗ ನನ್ನ ಲ್ಯಾಪ್‌ಟಾಪಿಗೆ ಮ್ಯೂಸ್‌ಸ್ಕೋರ್ ಎಂಬ ಸಂಗೀತ ಬರೆಯುವ ಸಾಫ್ಟ್‌ವೇರ್ ಹಾಕಿಕೊಟ್ಟಳು. ದುಡ್ಡು ಕೊಡಬೇಕಾಗಿಲ್ಲ. ಈ ಜಾತಿಯಲ್ಲಿ ಸಿಬೇಲಿಯಸ್, ಫಿನಾಲೆ ಎಂದು ಬೆಲೆಯವೂ ಇವೆ. ಅವುಗಳಲ್ಲಿ ಫಿನಾಲೆಯನ್ನು ಇನ್ನು ಮುಂದುವರಿಸುವುದಿಲ್ಲವೆಂದು 2024ರಲ್ಲಿ ಅದರವರೇ ಪ್ರಕಟಿಸಿದರು. ಬೇಸಿಗೆ ರಜೆ ಪೂರ್ತಿ ನಾನು ಇದರ ಮುಂದೆ ಕೂತೆ. “ದೊಡ್ಡಮ್ಮ, ಕಣ್ಣು ಹಾಳ್ಮಾಡ್ಕೋತೀಯ” ಎಂದು ಬೈಸಿಕೊಂಡದ್ದೂ ಆಯಿತು. ಐದು ಗೆರೆ, ಅದರ ಮೇಲೆ ಮೊಟ್ಟೆಗಳಂಥ ಸ್ವರ, ಪಕ್ಕದಲ್ಲಿ ಗುರುತುಗಳ ಪೆಟ್ಟಿಗೆ. ‘ಝಡ್’ ಒತ್ತಿದರೆ ದೊಡ್ಡ ಉಗ್ರಾಣವೇ ತೆರೆಯುತ್ತದೆ. ಬೇಕಾದ ಗುರುತನ್ನು ಎಳೆದು ತಂದು ಸ್ವರದ ಮೇಲೆ ಬಿಟ್ಟರೆ ಅದಕ್ಕೆ ಕಚ್ಚಿಕೊಳ್ಳುತ್ತದೆ. ಸ್ವರವನ್ನು ಎಲ್ಲಿಗೆ ಸರಿಸಿದರೂ ಗುರುತೂ ಜೊತೆಗೇ ಹೋಗುತ್ತದೆ, ತಾಯಿ ಸೆರಗು ಹಿಡಿದ ಮಗುವಿನ ಹಾಗೆ. ನಮ್ಮ ಚುಕ್ಕಿಗಳಿಗೆ ಇಲ್ಲದ ಭಾಗ್ಯ ಇದೇ ನೋಡಿ. ಇಲ್ಲಿ ಗುರುತೆಂಬುದು ಅಲಂಕಾರವಲ್ಲ, ಸ್ವರದ ಅಂಗ. ಅದನ್ನು ಮಾಡಿದವರಿಗೆ ಸಂಗೀತ ಗೊತ್ತಿತ್ತು. ನಮ್ಮ ಹಾಳೆ ಹೊಡೆದವರ ಯಂತ್ರಕ್ಕೆ ಗೊತ್ತಿದ್ದದ್ದು ಕಚೇರಿಯ ಪತ್ರ ಮಾತ್ರ.

ಇನ್ನೊಂದು ಉಪಕಾರವನ್ನೂ ಮರೆಯಬಾರದು. ನಮ್ಮ ಹುಡುಗಿಯರ ಶ್ರುತಿ ಐದು, ಐದೂವರೆ. ಬೇರೆಯವರು ಒಂದನೆಯ ಕಟ್ಟೆಯಲ್ಲಿ ಬರೆದುಕೊಟ್ಟದ್ದನ್ನು ಅವರಿಂದ ಹಾಡಿಸಿದರೆ ಗಂಟಲಲ್ಲೇ ಗೊರಗುಟ್ಟುತ್ತಾರೆ. ಈ ಸಾಫ್ಟ್‌ವೇರಿನಲ್ಲಿ ಇಡೀ ಹಾಡನ್ನು ಒಂದೇ ಅಪ್ಪಣೆಗೆ ಮೇಲಕ್ಕೆತ್ತಬಹುದು.

ಆದರೆ ಆ ಉಗ್ರಾಣದಲ್ಲಿ ಟ್ರಿಲ್ ಇದೆ, ಟರ್ನ್ ಇದೆ, ಮೊರ್ಡೆಂಟ್ ಇದೆ. ಹೆಸರು ಕೇಳಿ ಇದೇ ನಮ್ಮ ಕಂಪಿತ ಎಂದುಕೊಂಡು ಯಾರಾದರೂ ತೋಡಿಯ ಗಾಂಧಾರಕ್ಕೆ ಟ್ರಿಲ್ ಹಚ್ಚಿದರೆ ಬಾಗಿಲ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. ಬರೆದದ್ದನ್ನು ಅದು ನುಡಿಸಿಯೂ ತೋರಿಸುತ್ತದಲ್ಲ, ಅಲ್ಲೇ ಅಪಾಯ. ಒಂದೊಂದು ಸ್ವರವನ್ನೂ ಮೆಟ್ಟಿಲಿನಂತೆ ನೆಟ್ಟಗೆ ನುಡಿಸುತ್ತದೆ. ಮಕ್ಕಳು ಅದನ್ನೇ ಕೇಳಿ ಕಲಿತರೆ ಶಾಲೆಯ ಸಮೂಹಗಾನಕ್ಕೆ ನಡೆದೀತು, ವರ್ಣಕ್ಕೆ ನಡೆಯದು. ತಾಳವೂ ಅಷ್ಟೆ. ಆದಿತಾಳದ ನಾಲ್ಕು, ಎರಡು, ಎರಡು ಎಂಬ ವಿಂಗಡಣೆ ಅದಕ್ಕೆ ತಾನಾಗಿ ತಿಳಿಯುವುದಿಲ್ಲ, ನಾಲ್ಕು ನಾಲ್ಕರ ಎರಡು ಮನೆ ಮಾಡಿ ಕೂರುತ್ತದೆ. ದೃತದ ಪೆಟ್ಟು, ಹುಸಿ ನಾವೇ ಬರೆಯಬೇಕು.

ನನಗೆ ಅದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ರಿಹರ್ಸಲ್ ಮಾರ್ಕ್ ಎಂಬ ಒಂದು ಸಣ್ಣ ಚೌಕ. ಪಾಶ್ಚಾತ್ಯ ವಾದ್ಯಮೇಳದಲ್ಲಿ ನಲವತ್ತು ಐವತ್ತು ಜನ ಕೂತಿರುತ್ತಾರೆ. ಅಭ್ಯಾಸದ ನಡುವೆ ಎಲ್ಲೋ ತಪ್ಪುತ್ತದೆ. ನಡೆಸುವವನು ಕೋಲು ತಟ್ಟಿ ನಿಲ್ಲಿಸಿ “ಸಿ ಇಂದ” ಎನ್ನುತ್ತಾನೆ. ಎಲ್ಲರ ಹಾಳೆಯಲ್ಲೂ ಒಂದೇ ಜಾಗದಲ್ಲಿ ಚೌಕದೊಳಗೆ ಸಿ ಇರುತ್ತದೆ. ಎಲ್ಲರೂ ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಇಷ್ಟೇ. ಕಂಟ್ರೋಲ್ ಹಿಡಿದು ‘ಎಂ’ ಒತ್ತಿದರೆ ಆ ಚೌಕ ಬರುತ್ತದೆ. ನಡುವೆ ಒಂದು ಸಾಲು ಸೇರಿಸಿದರೆ ಎ, ಬಿ, ಸಿಗಳನ್ನು ಮತ್ತೆ ಕ್ರಮವಾಗಿ ಜೋಡಿಸಿಕೊಳ್ಳುವ ಅಪ್ಪಣೆಯೂ ಇದೆ. ಇದು ದೊಡ್ಡ ವಿದ್ಯೆಯೇ ಎಂದು ನಗಬೇಡಿ. ಮೂವತ್ತು ಮಕ್ಕಳಿಗೆ ಹಾಡು ಹೇಳಿಕೊಟ್ಟವರಿಗೆ ಇದರ ಬೆಲೆ ಗೊತ್ತು. ತಪ್ಪಿದ ಕೂಡಲೆ ಮೂವತ್ತು ಗಂಟಲು ಒಟ್ಟಿಗೆ, “ಎಲ್ಲಿಂದ ಮಿಸ್?” ಎನ್ನುತ್ತವೆ. “ಅದೇ ಕಣ್ರೋ, ಅಲ್ಲಿಂದ” ಎಂದರೆ ಹತ್ತು ಜನ ಒಂದು ಕಡೆಯಿಂದ, ಇಪ್ಪತ್ತು ಜನ ಇನ್ನೊಂದು ಕಡೆಯಿಂದ.

ನಮ್ಮ ಪುಸ್ತಕಗಳಲ್ಲೂ ಇಂಥ ಗುರುತು ಇಲ್ಲದೆ ಇಲ್ಲ. ಅಂಚಿನಲ್ಲಿ ‘ಪ’, ‘ಅ.ಪ.’, ‘ಚ’ ಎಂದು ಹಾಕಿರುತ್ತಾರೆ. ಪಲ್ಲವಿ, ಅನುಪಲ್ಲವಿ, ಚರಣ. ಆದರೆ ‘ಪ’ ಎಂದರೆ ಪಂಚಮವೂ ಹೌದಲ್ಲ! ಕೀಬೋರ್ಡಿನ ಆ ಗಣಿತದ ಟೀಚರಂಥವರು ಪಲ್ಲವಿಯನ್ನೇ ಒಂದು ಸ್ವರವೆಂದು ಒತ್ತಿದರೆ ಬೈಯುವಂತಿಲ್ಲ. ಸರಿ, ಕನ್ನಡದ ಕ್ರಮದಲ್ಲಿ ಕ, ಖ, ಗ ಹಾಕೋಣವೆಂದರೆ ಮೂರನೆಯ ಹೆಜ್ಜೆಗೇ ಗಾಂಧಾರ ಎದುರಾಗುತ್ತದೆ. 1, 2, 3 ಎನ್ನೋಣವೆಂದರೆ ರಿ1, ರಿ2 ಎಂದು ಸ್ವರಭೇದಕ್ಕೆ ಅಂಕಿಗಳು ಆಗಲೇ ಸಲ್ಲುತ್ತಿವೆ. ಕೊನೆಗೆ ಆ ಚೌಕದೊಳಗೆ ಅಕ್ಷರದ ಬದಲು ಮಾತನ್ನೇ ಬರೆದೆ. ಅದಕ್ಕೂ ಸಾಫ್ಟ್‌ವೇರ್ ಅಡ್ಡಿ ಮಾಡುವುದಿಲ್ಲ. ಹಾಡಿನ ಆ ಸಾಲಿನ ಮೊದಲ ಮಾತು ಚೌಕದಲ್ಲಿರುತ್ತದೆ, ಮಕ್ಕಳಿಗೂ ನೆನಪಿರುತ್ತದೆ.

ಇದನ್ನು ನಾನು ಕಂಡುಹಿಡಿದೆನೆಂದು ಹೇಳಿಕೊಳ್ಳುವಂತಿಲ್ಲ. ನಮ್ಮ ಸೀಮೆಯ ಹಾಡುಗಾರರು ಇದನ್ನು ಯಾವ ಕಾಲದಿಂದಲೋ ಮಾಡಿಕೊಂಡು ಬಂದಿದ್ದಾರೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಮಾದಪ್ಪನ ಕಥೆ ಹಾಡುವ ದೇವರಗುಡ್ಡರು ಇಡೀ ರಾತ್ರಿ ಹಾಡಿದರೂ ಮುಗಿಯದ ಕಾವ್ಯವನ್ನು ‘ಸಾಲು’ಗಳಾಗಿ ಇಟ್ಟುಕೊಂಡಿದ್ದಾರೆ. ಕಲ್ಯಾಣದ ಸಾಲು, ಸಿದ್ದಪ್ಪಾಜಿ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು. ಕೈಯಲ್ಲಿ ಹಾಳೆಯಿಲ್ಲ, ಆದರೂ ಹೆಸರು ಹೇಳಿದ ಕೂಡಲೆ ಮೇಳವೆಲ್ಲ ಅದೇ ಜಾಗದಲ್ಲಿ ಸೇರುತ್ತದೆ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಹಿರಿಯರೊಬ್ಬರು ತಂಬೂರಿ ಸರಿಮಾಡಿಕೊಳ್ಳುತ್ತ ನನ್ನನ್ನೂ ಕೇಳಿದ್ದು ಇದೇ ಮಾತು: “ಯಾವ ಸಾಲು ಬೇಕವ್ವ?” ಗಂಡನ ಅನುಮಾನಕ್ಕೆ ಸಿಕ್ಕಿ ಕಾಡಿನ ನಡುವೆ ಒಬ್ಬಳೇ ಉಳಿದ ಸಂಕಮ್ಮನ ಸಾಲನ್ನು ಕೇಳುವ ಹೆಂಗಸರೇ ಹೆಚ್ಚು. ಚೌಕದ ಮೇಲೆ ‘ಸಿ’ ಎಂದು ಬರೆದರೆ ಅದು ಬರೀ ಜಾಗ. ‘ಸಂಕಮ್ಮ’ ಎಂದರೆ ಜಾಗವೂ ಹೌದು, ಯಾತಕ್ಕೆ ಅಲ್ಲಿಗೆ ಹೋಗಬೇಕೆಂಬುದೂ ಹೌದು.

ಈ ಕಾವ್ಯಗಳು ಪುಸ್ತಕಗಳಾಗಿ ಬಂದಿವೆ. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಬಂತು. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹೊರತಂದಿತು. ಅವರ ಶ್ರಮಕ್ಕೆ ಎಷ್ಟು ಹೇಳಿದರೂ ಸಾಲದು. ಆದರೆ ಇಂಥ ಸಂಪುಟಗಳಲ್ಲಿ ನಮ್ಮ ಕೈಗೆ ಸಿಗುವುದು ಮಾತು. ದನಿ ಎಲ್ಲಿ ಏರುತ್ತದೆ, ಕಂಸಾಳೆ ಎಲ್ಲಿ ಬೀಳುತ್ತದೆ, ಮೇಳದವರು ಎಲ್ಲಿ ಸೊಲ್ಲು ಹಿಡಿಯುತ್ತಾರೆ ಎಂಬುದು ಪುಟದ ಮೇಲೆ ಕೂರಲಿಲ್ಲ. ಹಾಗೆಂದು ಎಲ್ಲವನ್ನೂ ಐದು ಗೆರೆಗೆ ಏರಿಸಿಬಿಡಿ ಎಂದೂ ನಾನು ಹೇಳಲಾರೆ. ಒಂದು ಸಾಲಿನ ಮಟ್ಟನ್ನು ನನಗೆ ತಿಳಿದಷ್ಟು ಬರೆದು, ಯಂತ್ರದಲ್ಲಿ ನುಡಿಸಿ, ಅದೇ ಹಿರಿಯರಿಗೆ ಕೇಳಿಸಿದೆ. ತಲೆದೂಗುತ್ತ ಕೇಳಿದರು. “ದಾರಿ ಸರಿಯಾಗೇ ಅದೆ ಕನವ್ವ, ಉಸುರು ಎಲ್ಲಿ ತಕ್ಕತ್ತದೆ ಇದು?” ಎಂದರು. ಅವರ ಪ್ರಶ್ನೆ ಸರಿ. ಒಂದು ದಿನದ ಹಾಗೆ ಇನ್ನೊಂದು ದಿನ ಹಾಡದವರ ಹಾಡನ್ನು ಒಂದು ದಿನಕ್ಕೆ ಕಟ್ಟಿಹಾಕಿ ಇದೇ ಸರಿ ಎಂದರೆ, ಮುಂದೆ ಅವರ ಮೊಮ್ಮಗನೇ ಹಾಳೆ ನೋಡಿ ಅಜ್ಜನನ್ನು ತಪ್ಪು ಎನ್ನುವ ಕಾಲ ಬಂದೀತು.

ಬರೆದಿಡದೆ ಹೋದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಮನೆಯಲ್ಲೇ ಇದೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಮಟ್ಟೋ, ಸಿ. ಅಶ್ವತ್ಥ್ ಅವರ ಮಟ್ಟೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಒಂದೇ ಪ್ರಾರ್ಥನೆಯಲ್ಲಿ ಮೊದಲ ನುಡಿ ಒಬ್ಬರ ಧಾಟಿಯಲ್ಲೂ ಎರಡನೆಯದು ಇನ್ನೊಬ್ಬರ ಧಾಟಿಯಲ್ಲೂ ಹೋದದ್ದನ್ನು ನಾನೇ ಕೇಳಿದ್ದೇನೆ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಿಲ್ಲದೆ, ಸಾಲುಗಳನ್ನು ಮತ್ತೆ ಮತ್ತೆ ಹೇಳದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಗೊತ್ತುಮಾಡಿತು. ಎಷ್ಟು ಹೊತ್ತು ಎಂಬುದು ಸಿಕ್ಕಿತು. ಆ ಎರಡೂವರೆ ನಿಮಿಷದೊಳಗೆ ಎಲ್ಲಿ ನಿಲ್ಲಬೇಕು, ಎಲ್ಲಿ ಎತ್ತಬೇಕು ಎಂಬುದನ್ನು ನಮ್ಮ ಶಾಲೆಯಲ್ಲಿ ನಾವು ಮೊಬೈಲಿನ ದನಿ ಕೇಳಿ ಕೇಳಿಯೇ ಕಲಿತದ್ದು. ‘ಜನ ಗಣ ಮನ’ದ ಅದೃಷ್ಟ ಚೆನ್ನಾಗಿತ್ತು. 1919ರಲ್ಲಿ ರವೀಂದ್ರರು ಮದನಪಲ್ಲಿಗೆ ಬಂದು ಹಾಡಿದಾಗ ಅಲ್ಲಿದ್ದ ಮಾರ್ಗರೆಟ್ ಕಸಿನ್ಸ್ ಎಂಬ ಹೆಣ್ಣುಮಗಳು ಅದರ ಸ್ವರಗಳನ್ನು ಬರೆದಿಟ್ಟರು. ಐರ್ಲೆಂಡಿನಿಂದ ಬಂದವರು, ಭಾಷೆ ತಮ್ಮದಲ್ಲ, ಆದರೂ ಬರೆದರು. ಈಗ ದೇಶದ ಯಾವ ಮೂಲೆಯಲ್ಲಿ ಹಾಡಿದರೂ ಸುಮಾರು 52 ಸೆಕೆಂಡಿನಲ್ಲಿ ಎಲ್ಲರೂ ಒಟ್ಟಿಗೆ ಮುಗಿಸುತ್ತೇವೆ.

ಉಸಿರಿನ ವಿಷಯ ಒಂದು ಉಳಿಯಿತು. ಆ ಹಿರಿಯರು ಕೇಳಿದ ಮೇಲೆ ಉಗ್ರಾಣದಲ್ಲಿ ಹುಡುಕಿದೆ. ಉಸಿರಿಗೂ ಗುರುತಿದೆ. ಆದರೆ ಅದು ಗೆರೆಯ ಮೇಲೆ ಇಡುವ ಅಲ್ಪವಿರಾಮ! ಅವರ ಅಲ್ಪವಿರಾಮಕ್ಕೆ ಬಿಟ್ಟು ಉಸಿರು ತೆಗೆದುಕೋ ಎಂದರ್ಥ, ನಮ್ಮದಕ್ಕೆ ಬಿಡದೆ ಎಳೆ ಎಂದರ್ಥ. ಕೊಳ್ಳೇಗಾಲದಲ್ಲಿ ಕೀಬೋರ್ಡ್ ಕ್ಲಾಸಿಗೆ ಹೋಗುವ ನನ್ನ ಇಬ್ಬರು ಹುಡುಗಿಯರು ಕನ್ನಡದ ಹಾಳೆಯಲ್ಲಿ ಅಲ್ಪವಿರಾಮ ಕಂಡಲ್ಲೆಲ್ಲ ಉಸಿರೆಳೆದುಕೊಳ್ಳುತ್ತಿದ್ದದ್ದು ಏಕೆಂದು ಆಗ ಹೊಳೆಯಿತು. ಅದೇ ಪೆಟ್ಟಿಗೆಯಲ್ಲಿ ಉಸಿರಿಗೆ ಇನ್ನೊಂದು ರೂಪವೂ ಇದೆ, ನಾವು ಕಾಪಿಯಲ್ಲಿ ಸರಿ ಹಾಕುತ್ತೇವಲ್ಲ, ಆ ಟಿಕ್ಕಿನಂಥದ್ದು. ಈ ಸಲದ ಹಾಳೆಯಲ್ಲಿ ಅದನ್ನೇ ಹಾಕಿದ್ದೇನೆ. ಸಾಲಿನ ಹೆಸರಿಗೆ ಚೌಕ, ಉಸಿರಿಗೆ ಟಿಕ್ಕು. ಚುಕ್ಕಿಗಳನ್ನು ಮಾತ್ರ ಜೆರಾಕ್ಸ್ ಆದ ಮೇಲೆ ಕೆಂಪು ಪೆನ್ನಿನಲ್ಲಿ ನಾನೇ ಇಡುತ್ತೇನೆ, ಮೂವತ್ತೆರಡು ಪ್ರತಿಗೂ.